ಮೇಣದಬತ್ತಿ, ಹೂಜಿ, ನಗುವ ಹುಡುಗ: ಈ ಹಳೇ ಕೆತ್ತನೆಯಲ್ಲಿ ನಡೆಯುತ್ತಿರುವುದೇನು?

ಸಾಗರದ_ಮಳೆ
ಒಂದು ಚಿತ್ರದ ಬಗ್ಗೆ ಕೇಳಬೇಕಿತ್ತು. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಹಾಳೆ ಇದು. ಫೋಟೊ ಹಾಕಿದ್ದೇನೆ. ಸುಮಾರು ಮೂವತ್ತು ಸೆಂಟಿಮೀಟರ್ ಎತ್ತರ ಇದೆ, ಪೂರ್ತಿ ಕಪ್ಪು ಬಿಳುಪು. ರಾತ್ರಿ ಹೊತ್ತು. ಗುಡಿಸಲಿನ ಹತ್ತಿರ ಒಬ್ಬ ಹೆಂಗಸು ನಿಂತು ಹೂಜಿ ಎತ್ತಿ ಕುಡಿಯುತ್ತಿದ್ದಾಳೆ. ಪಕ್ಕದಲ್ಲಿ ಮೇಣದಬತ್ತಿ ಹಿಡಿದ ಮುದುಕಿ. ಮೈಮೇಲೆ ಬಟ್ಟೆಯಿಲ್ಲದ ಹುಡುಗನೊಬ್ಬ ಆ ಹೆಂಗಸಿನ ಕಡೆ ಬೆರಳು ತೋರಿಸಿ ನಗುತ್ತಿದ್ದಾನೆ. ಒಂದು ಪಂಜು ಉರಿಯುತ್ತಿದೆ. ದೂರದ ಕತ್ತಲಲ್ಲಿ ಇನ್ನೊಂದು ಬೆಂಕಿ. ಕೆಳಗೆ ಲ್ಯಾಟಿನ್ ಬರಹ, ತುಂಬಾ ಅಲಂಕಾರದ ಅಕ್ಷರ. 1610 ಅನ್ನುವುದು ಮಾತ್ರ ಓದಲು ಬಂತು.

ಅಂಗಡಿಯವರು ಇದು ‘ಬರೋಕ್ ಕಾಲದ ಪುರಾಣದ ಚಿತ್ರ’ ಅಂದರು. ಯಾವ ಕಥೆ? ಹುಡುಗ ಯಾಕೆ ನಗುತ್ತಿದ್ದಾನೆ? ಇನ್ನೊಂದು, ಇದು ಅಸಲಿ ಹಾಳೆ ಇರಬಹುದಾ?

ಬೀದಿನಾಟಕ
ನೋಡಿದ ತಕ್ಷಣ ಲಟೋನಾ ಅನಿಸಿತು. ಬಾಯಾರಿದ ದೇವಿ ನೀರು ಕೇಳುತ್ತಾಳೆ, ರೈತರು ಕುಡಿಯಲು ಬಿಡದೆ ಅಣಕಿಸುತ್ತಾರೆ, ಅವಳು ಎಲ್ಲರನ್ನೂ ಕಪ್ಪೆ ಮಾಡುತ್ತಾಳೆ. ವರ್ಸೇಲ್ಸ್ ಅರಮನೆ ತೋಟದಲ್ಲಿ ಇದೇ ಕಥೆಯ ಕಾರಂಜಿ ಇದೆ.

ಹಳೇಹೊತ್ತಿಗೆ
ಲಟೋನಾ ಅಲ್ಲ ಸರ್. ಅವಳ ಜೊತೆ ಎರಡು ಕೂಸುಗಳು ಇರಲೇಬೇಕು, ಅಪೊಲೊ ಮತ್ತು ಡಯಾನಾ. ಅಲ್ಲಿ ಸುಡುವ ಬಿಸಿಲು, ಕೆರೆ, ಜೊಂಡು ಕೀಳುವ ರೈತರ ಗುಂಪು. ಇಲ್ಲಿ ರಾತ್ರಿ, ಗುಡಿಸಲು, ಒಬ್ಬನೇ ಹುಡುಗ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಮುದುಕಿ ಕುಡಿಯಲು ಕೊಟ್ಟಿದ್ದಾಳೆ.

ಇದು ಸೆರೆಸ್. ರೋಮನ್ನರ ಬೆಳೆಯ ದೇವತೆ, ಗ್ರೀಕರ ಡಿಮೀಟರ್. ಅವಳ ಮಗಳು ಪ್ರೊಸೆರ್ಪಿನಾ ಸಿಸಿಲಿಯಲ್ಲಿ ಹೂ ಕೀಳುತ್ತಿದ್ದಾಗ ಪಾತಾಳದ ದೊರೆ ಪ್ಲೂಟೊ ಹೊತ್ತುಕೊಂಡು ಹೋಗುತ್ತಾನೆ. ತಾಯಿ ಎಟ್ನಾ ಜ್ವಾಲಾಮುಖಿಯಲ್ಲಿ ಎರಡು ಪಂಜು ಹೊತ್ತಿಸಿಕೊಂಡು ಹಗಲು ರಾತ್ರಿ ಹುಡುಕುತ್ತಾಳೆ. ಚಿತ್ರದ ಪಂಜು ಅಲ್ಲಿಂದ ಬಂದದ್ದು. ಗುರುತು ಹಿಡಿಯಲು ಅದೇ ಕೀಲಿ.

ರೋಮನ್ ಕವಿ ಓವಿಡ್‌ನ ‘ಮೆಟಮಾರ್ಫೋಸಿಸ್’ ಐದನೇ ಪುಸ್ತಕದಲ್ಲಿ ಈ ಪ್ರಸಂಗ ಬರುತ್ತದೆ. ಹುಡುಕಿ ಹುಡುಕಿ ಗಂಟಲು ಒಣಗಿರುತ್ತದೆ. ಹುಲ್ಲು ಹೊದೆಸಿದ ಗುಡಿಸಲು ಕಾಣುತ್ತದೆ. ಬಾಗಿಲು ತಟ್ಟುತ್ತಾಳೆ. ಮುದುಕಿ ಹೊರಗೆ ಬರುತ್ತಾಳೆ. ಇವಳು ಕೇಳಿದ್ದು ನೀರು. ಮುದುಕಿ ಕೊಟ್ಟದ್ದು ಹುರಿದ ಬಾರ್ಲಿ ಉದುರಿಸಿದ ಸಿಹಿ ಪಾನಕ. ಕುಡಿಯುತ್ತಿರುವಾಗ ಒಬ್ಬ ಧೈರ್ಯದ, ಒರಟು ಹುಡುಗ ಎದುರು ನಿಂತು ನಗುತ್ತಾನೆ, ಆಸೆಬುರುಕಿ ಅನ್ನುತ್ತಾನೆ. ದೇವಿಗೆ ಸಿಟ್ಟು ಬರುತ್ತದೆ. ಉಳಿದ ಪಾನಕವನ್ನು ಬಾರ್ಲಿ ಸಮೇತ ಅವನ ಮುಖಕ್ಕೆ ಎರಚುತ್ತಾಳೆ. ಮುಖದ ತುಂಬಾ ಚುಕ್ಕೆ ಏಳುತ್ತವೆ, ಕೈಗಳು ಕಾಲುಗಳಾಗುತ್ತವೆ, ಬಾಲ ಬರುತ್ತದೆ, ಮೈ ಕುಗ್ಗುತ್ತದೆ. ಹುಡುಗ ಹಲ್ಲಿಯಾಗುತ್ತಾನೆ.

ಬೀದಿನಾಟಕ
ಹುರಿದ ಬಾರ್ಲಿ ಅಂದರೆ ನಮ್ಮ ಹುರಿಹಿಟ್ಟು ಕಲಸಿದ ನೀರಿನ ಹಾಗೆ ಅನ್ನಿ. ಹಾಗಾದರೆ ಹಲ್ಲಿ ಎಲ್ಲಿದೆ? ಫೋಟೊ ದೊಡ್ಡದು ಮಾಡಿ ಹುಡುಕಿದೆ, ಕಾಣಲಿಲ್ಲ.

ಹಳೇಹೊತ್ತಿಗೆ
ಇಲ್ಲ. ಅದೇ ಈ ಚಿತ್ರದ ಮಜಾ. ಹೂಜಿ ಇನ್ನೂ ಬಾಯಲ್ಲೇ ಇದೆ. ಹುಡುಗ ಇನ್ನೂ ಹುಡುಗನೇ.

ತಾಮ್ರತಗಡು
ನಾನು ಪ್ರಿಂಟ್‌ಮೇಕಿಂಗ್ ಓದಿದವಳು. ಇದನ್ನು ನೋಡಿದರೆ ಸುಮ್ಮನಿರಲು ಆಗುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೆತ್ತಿದವನು ಹೆಂಡ್ರಿಕ್ ಗೌಟ್, ಡಚ್ ಶ್ರೀಮಂತ ಮನೆತನದವನು. ಮೂಲ ಚಿತ್ರ ಬರೆದವನು ಆಡಮ್ ಎಲ್ಸ್‌ಹೈಮರ್. 1578ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿ, ರೋಮ್‌ನಲ್ಲಿ ನೆಲೆಸಿ, 1610ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಮೂವತ್ತೆರಡು ವರ್ಷ. ತಾಮ್ರದ ಸಣ್ಣ ತಗಡುಗಳ ಮೇಲೆ ಎಣ್ಣೆ ಬಣ್ಣದಲ್ಲಿ ಬರೆಯುತ್ತಿದ್ದ. ತುಂಬಾ ನಿಧಾನಿ, ಚಿತ್ರಗಳೂ ಕಡಿಮೆ. ಗೌಟ್ ರೋಮ್‌ನಲ್ಲಿ ಅವನ ಮನೆಯಲ್ಲೇ ಉಳಿದಿದ್ದ. ಜೀವಮಾನದಲ್ಲಿ ಗೌಟ್ ಮಾಡಿದ್ದು ಏಳೇ ಕೆತ್ತನೆ. ಏಳೂ ಎಲ್ಸ್‌ಹೈಮರ್ ಚಿತ್ರಗಳದ್ದೇ. ಎಲ್ಸ್‌ಹೈಮರ್ ಹೆಸರು ಯುರೋಪಿನ ತುಂಬಾ ಹರಡಿದ್ದು ಈ ಏಳು ಹಾಳೆಗಳಿಂದ ಅಂದರೆ ಜಾಸ್ತಿ ಆಗುವುದಿಲ್ಲ. ತಾಮ್ರದ ಮೇಲಿನ ಚಿತ್ರ ಒಂದೇ ಮನೆಯಲ್ಲಿ ಇರುತ್ತದೆ. ಅಚ್ಚು ಊರೂರು ಸುತ್ತುತ್ತದೆ.

ಈಗ ಕೆಲಸದ ಬಗ್ಗೆ. ಇದು ಆಸಿಡ್ ಹಾಕಿ ಮಾಡುವ ಎಚಿಂಗ್ ಅಲ್ಲ. ಬ್ಯೂರಿನ್ ಅನ್ನುವ ಚೂಪು ಉಳಿಯಿಂದ ತಗಡನ್ನು ನೇರವಾಗಿ ಕೊರೆದದ್ದು. ಅಂಗೈಯಲ್ಲಿ ಉಳಿಯ ಹಿಡಿ ಇಟ್ಟು ಮುಂದಕ್ಕೆ ತಳ್ಳಬೇಕು. ಬಾಗಿದ ಗೆರೆ ಬೇಕಾದರೆ ಇನ್ನೊಂದು ಕೈಯಿಂದ ತಗಡನ್ನೇ ತಿರುಗಿಸಬೇಕು. ಆಮೇಲೆ ಇಂಕು ಮೆತ್ತಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಕೊರೆದ ಗೆರೆಯಲ್ಲಿ ಕೂತ ಇಂಕು ಮಾತ್ರ ಕಾಗದಕ್ಕೆ ಬರುತ್ತದೆ. ಬೂದು ಬಣ್ಣದ ಇಂಕು ಅಂತ ಇಲ್ಲವೇ ಇಲ್ಲ. ನಿಮಗೆ ಬೂದಿಯಾಗಿ ಕಾಣುವುದೆಲ್ಲ ಕಪ್ಪು ಗೆರೆ ಮತ್ತು ನಡುವಿನ ಬಿಳಿ ಕಾಗದ.

ಇದನ್ನು ಇಟ್ಟುಕೊಂಡು ರಾತ್ರಿ ತೋರಿಸಬೇಕು ಅಂದರೆ ಯೋಚಿಸಿ. ತಗಡನ್ನು ಮೊದಲು ಪೂರ್ತಿ ಕಪ್ಪು ಮಾಡಿಕೊಂಡು ಬೆಳಕನ್ನು ಕೆರೆದು ತೆಗೆಯುವ ಮೆಜೊಟಿಂಟ್ ಆಗ ಇರಲೇ ಇಲ್ಲ, ಅದರ ಮೊದಲ ರೂಪ ಬಂದಿದ್ದೇ 1642ರಲ್ಲಿ, ಲುಡ್ವಿಗ್ ಫಾನ್ ಜೀಗನ್ ಕೈಯಿಂದ. ಗೌಟ್‌ಗೆ ಆ ಸೌಲಭ್ಯ ಇರಲಿಲ್ಲ. ಒಂದರ ಮೇಲೊಂದು ಗೆರೆ ಎಳೆದೇ ಕತ್ತಲು ಕಟ್ಟಬೇಕು. ಗೆರೆ ತೀರಾ ಹತ್ತಿರ ಬಂದರೆ ನಡುವಿನ ತಾಮ್ರ ಕಿತ್ತು ಹೋಗುತ್ತದೆ, ಇಂಕು ಅಲ್ಲಿ ಚೆಲ್ಲಾಡುತ್ತದೆ. ಅಂಚಿನವರೆಗೂ ಹೋಗಿ ನಿಲ್ಲಿಸಬೇಕು. ಮೇಣದಬತ್ತಿಯ ಜ್ವಾಲೆ ಇದೆಯಲ್ಲ, ಅಲ್ಲಿ ಅವನು ಏನೂ ಮಾಡಿಲ್ಲ. ಖಾಲಿ ಕಾಗದ ಅದು. ಸುತ್ತಲಿನ ಕಪ್ಪಿನಿಂದಲೇ ಅದು ಉರಿಯುತ್ತಿದೆ.

ಸಾಗರದ_ಮಳೆ
ಅಬ್ಬಾ! ಥ್ಯಾಂಕ್ಸ್ ಮೇಡಂ. ಅಸಲಿಯೋ ಅಲ್ಲವೋ ಹೇಗೆ ನೋಡುವುದು?

ತಾಮ್ರತಗಡು
ಭೂತಗನ್ನಡಿ ಇದ್ದರೆ ಗೆರೆಗಳನ್ನು ನೋಡಿ. ಸಣ್ಣ ಸಣ್ಣ ಚುಕ್ಕೆಗಳ ಸಾಲು ಕಂಡರೆ ಆಧುನಿಕ ಮುದ್ರಣ, ಅಲ್ಲಿಗೇ ಮುಗಿಯಿತು. ಗೆರೆ ಗೆರೆಯಾಗಿಯೇ ಇದ್ದರೆ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇದೆಯಾ ನೋಡಿ. ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಆ ಕಾಲದ ಕೈಕಾಗದದಲ್ಲಿ ತಂತಿಯ ಜಾಲರಿ ಗುರುತು ಕಾಣುತ್ತದೆ. ಇಷ್ಟೆಲ್ಲ ಇದ್ದರೂ ಪೂರ್ತಿ ನಂಬಬೇಡಿ. 1640ರ ದಶಕದಲ್ಲಿ ವೆನ್ಸೆಸ್ಲಾಸ್ ಹೊಲಾರ್ ಇದೇ ದೃಶ್ಯವನ್ನು ಎಚಿಂಗ್ ಮಾಡಿದ್ದಾನೆ. ಹತ್ತೊಂಬತ್ತನೇ ಶತಮಾನದಲ್ಲಿ ಹಳೇ ಅಚ್ಚುಗಳನ್ನು ಫೋಟೊ ತೆಗೆದು ತಾಮ್ರದ ಮೇಲೆ ಇಳಿಸಿ ಒಳ್ಳೇ ನಕಲುಗಳನ್ನೂ ಮಾಡುತ್ತಿದ್ದರು. ಅವುಗಳಲ್ಲೂ ಅಂಚಿನ ತಗ್ಗು ಇರುತ್ತದೆ. ದೊಡ್ಡ ಮ್ಯೂಸಿಯಂ ಜಾಲತಾಣದಿಂದ ಚಿತ್ರ ಇಳಿಸಿಕೊಂಡು ಗೆರೆಗೆ ಗೆರೆ ಹೋಲಿಸುವುದೇ ದಾರಿ.

ಗೋಳಿಮರ_ಉಡುಪಿ
ಹಳೇಹೊತ್ತಿಗೆ ಅವರೇ, ಓವಿಡ್ ಒಬ್ಬನನ್ನೇ ಯಾಕೆ ಹಿಡಿದುಕೊಳ್ಳಬೇಕು? ಗ್ರೀಕ್‌ನಲ್ಲಿ ‘ಡಿಮೀಟರ್ ಸ್ತೋತ್ರ’ ಇದೆ. ಅಲ್ಲಿ ಎಲ್ಯೂಸಿಸ್ ಊರಿನಲ್ಲಿ ಮೆಟನೈರಾ ಅನ್ನುವ ರಾಣಿ ವೈನ್ ಕೊಡುತ್ತಾಳೆ, ದೇವಿ ಬೇಡ ಅನ್ನುತ್ತಾಳೆ. ಬಾರ್ಲಿ, ನೀರು, ಪುದೀನ ಬೆರೆಸಿದ ಪಾನೀಯ ಕೇಳಿ ಕುಡಿಯುತ್ತಾಳೆ. ಅದಕ್ಕೆ ಮುಂಚೆ ಯಾಂಬೆ ಅನ್ನುವ ಹೆಂಗಸು ತಮಾಷೆ ಮಾಡಿ ದುಃಖದಲ್ಲಿದ್ದ ದೇವಿಯನ್ನು ನಗಿಸುತ್ತಾಳೆ. ಈ ಚಿತ್ರದಲ್ಲೂ ಪಾನೀಯ ಇದೆ, ಮನೆಯ ಹೆಂಗಸು ಇದ್ದಾಳೆ, ನಗು ಇದೆ. ಹುಡುಗನ ನಗುವನ್ನು ಅಣಕ ಅಂತಲೇ ಯಾಕೆ ಓದಬೇಕು? ದುಃಖದ ನಡುವೆ ನಗು ತರುವ ಆಚರಣೆಯ ನೆನಪು ಅಂತ ಓದಬಹುದು. ಎಲ್ಯೂಸಿಸ್‌ನ ರಹಸ್ಯ ಪೂಜೆಗಳಲ್ಲಿ ಆ ಪಾನೀಯಕ್ಕೆ ದೊಡ್ಡ ಜಾಗ ಇತ್ತು. ಕತ್ತಲು, ಪಂಜು, ಪಾನೀಯ ಎಲ್ಲವೂ ಹೊಂದುತ್ತದೆ.

ಹಳೇಹೊತ್ತಿಗೆ
ಓದಲು ಚೆಂದ ಇದೆ, ಆದರೆ ಕಾಲ ಒಪ್ಪುವುದಿಲ್ಲ. ಆ ಸ್ತೋತ್ರದ ಹಸ್ತಪ್ರತಿ ಬೆಳಕಿಗೆ ಬಂದಿದ್ದು 1777ರಲ್ಲಿ, ಮಾಸ್ಕೋದಲ್ಲಿ. ಎಲ್ಸ್‌ಹೈಮರ್ ಸತ್ತು ನೂರಾ ಅರವತ್ತೇಳು ವರ್ಷ ಆದಮೇಲೆ. ಅವನು ಅದನ್ನು ಓದಿರಲು ಸಾಧ್ಯವೇ ಇಲ್ಲ.

ಗೋಳಿಮರ_ಉಡುಪಿ
ಸ್ತೋತ್ರ ಇರಲಿಲ್ಲ ಸರಿ. ಯಾಂಬೆ ಕಥೆ ಅಪೊಲೊಡೋರಸ್ ಹೆಸರಿನ ಗ್ರೀಕ್ ಪುರಾಣ ಪುಸ್ತಕದಲ್ಲೂ ಬರುತ್ತದೆ, ಅಲ್ಲಿ ಅವಳು ಮುದುಕಿ. ಆ ಪುಸ್ತಕ ರೋಮ್‌ನಲ್ಲೇ 1555ರಲ್ಲಿ ಅಚ್ಚಾಗಿದೆ. ರೋಮ್‌ನಲ್ಲಿ ಎಲ್ಸ್‌ಹೈಮರ್ ಗೆಳೆಯರು ಸಾಮಾನ್ಯರಲ್ಲ. ಜೊಹಾನ್ ಫೇಬರ್ ಅನ್ನುವ ವೈದ್ಯ, ಸಸ್ಯಶಾಸ್ತ್ರ ಬಲ್ಲವನು, ಹತ್ತಿರದ ಸ್ನೇಹಿತ. ಇಂಥವರ ನಡುವೆ ಇದ್ದ ಚಿತ್ರಕಾರನಿಗೆ ಒಂದೇ ಪುಸ್ತಕದ ಕಥೆ ಮಾತ್ರ ಗೊತ್ತಿತ್ತು ಅನ್ನುವುದು ಯಾಕೋ ಸರಿ ಕಾಣುವುದಿಲ್ಲ.

ಹಳೇಹೊತ್ತಿಗೆ
ಗೊತ್ತಿರಬಹುದು. ಆದರೆ ಚಿತ್ರದಲ್ಲಿ ಇರುವುದನ್ನು ಎಣಿಸೋಣ. ರಾಣಿಯ ಮನೆ ಇಲ್ಲ, ಬಡವರ ಗುಡಿಸಲು ಇದೆ. ನಗುತ್ತಿರುವುದು ಮುದುಕಿ ಅಲ್ಲ, ಹುಡುಗ. ದೇವಿ ನಗುತ್ತಿಲ್ಲ. ಮೂರೂ ಓವಿಡ್ ಕಡೆಗೇ ಹೋಗುತ್ತವೆ. ಅಪೊಲೊಡೋರಸ್ ಬೇಕಾಗುವುದೇ ಇಲ್ಲ.

ಒಂದು ಗೊಂದಲ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಮೂಲ ಚಿತ್ರದ ಒಂದು ಪ್ರತಿ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಒಂದು ಕಾಲದಲ್ಲಿ ಆಂಟ್ವರ್ಪ್‌ನ ಚಿತ್ರಕಾರ ರೂಬೆನ್ಸ್ ಹತ್ತಿರ ಇತ್ತು. ಅವನು ಸತ್ತ ಮೇಲೆ ಸ್ಪೇನ್ ದೊರೆ ನಾಲ್ಕನೇ ಫಿಲಿಪ್ ಕೈಸೇರಿತು. ಅಲ್ಲಿ ಅದರ ಹೆಸರು ‘ಹೆಕುಬಾ ಮನೆಯಲ್ಲಿ ಸೆರೆಸ್’. ಇದನ್ನು ಹುಡುಕುವವರು ಟ್ರಾಯ್‌ನ ರಾಣಿ ಹೆಕುಬಾ ಅಂತ ತಿಳಿದು ದಾರಿ ತಪ್ಪುತ್ತಾರೆ. ಆ ರಾಣಿಗೂ ಇದಕ್ಕೂ ಸಂಬಂಧ ಇಲ್ಲ. ಓವಿಡ್ ಆ ಮುದುಕಿಗೆ ಹೆಸರೇ ಕೊಟ್ಟಿಲ್ಲ.

ಕಡಲೆಪುರಿ
ಎಲ್ಲರೂ ದೊಡ್ಡ ದೊಡ್ಡ ಪುಸ್ತಕ ಹೇಳುತ್ತಿದ್ದೀರಿ. ನನಗೆ ಕಂಡದ್ದು ಹೇಳಲಾ? ಮಕ್ಕಳಿಗೆ ಹೇಳುವ ನೀತಿಕಥೆ ಇದು. ದೊಡ್ಡವರನ್ನು ಅಣಕಿಸಬೇಡ, ಬಾಯಾರಿದವರನ್ನು ಆಡಿಕೊಳ್ಳಬೇಡ. ಅಷ್ಟೇ ಅಲ್ವಾ?

ತಾಮ್ರತಗಡು
ಅಷ್ಟೇ ಆಗಿದ್ದರೆ ಶಿಕ್ಷೆ ತೋರಿಸಬೇಕಿತ್ತು. ಓವಿಡ್ ಕಥೆಗಳಿಗೆ ಚಿತ್ರ ಮಾಡುತ್ತಿದ್ದವರು ಸಾಮಾನ್ಯವಾಗಿ ಆಕಾರ ಬದಲಾಗುವ ಕ್ಷಣವನ್ನೇ ಆರಿಸುತ್ತಿದ್ದರು. ಅರ್ಧ ಮನುಷ್ಯ, ಅರ್ಧ ಮರ. ಅರ್ಧ ಹುಡುಗಿ, ಅರ್ಧ ಹಸು. ಕಥೆ ಗೊತ್ತಿಲ್ಲದವರಿಗೂ ಏನೋ ಆಗುತ್ತಿದೆ ಅಂತ ತಿಳಿಯಬೇಕಲ್ಲ. ಆ ಕಾಲದಲ್ಲೇ ಆಂಟೋನಿಯೊ ಟೆಂಪೆಸ್ಟಾ ಓವಿಡ್‌ಗಾಗಿ 150 ಅಚ್ಚುಗಳ ಮಾಲೆ ಮಾಡಿದ್ದ, 1606ರಲ್ಲಿ ಆಂಟ್ವರ್ಪ್‌ನಲ್ಲಿ ಹೊರಬಂತು. ಅವನ್ನು ನೋಡಿ, ಓಟ, ಹೊಡೆತ, ರಭಸ. ಎಲ್ಸ್‌ಹೈಮರ್ ಅದನ್ನೆಲ್ಲ ಬಿಟ್ಟು ಹಿಂದಿನ ಕ್ಷಣದಲ್ಲಿ ನಿಂತಿದ್ದಾನೆ. ಮೋಡ ಇಲ್ಲ, ರಥ ಇಲ್ಲ, ತಲೆಯ ಸುತ್ತ ಪ್ರಭೆ ಇಲ್ಲ. ಸುಸ್ತಾದ ಒಬ್ಬ ಹೆಂಗಸು ಕುಡಿಯುತ್ತಿದ್ದಾಳೆ, ಅಷ್ಟೇ.

ನನ್ನ ಪ್ರಕಾರ ಇದು ಹುಡುಗನ ಪರವಾಗಿ ಒಂದು ವಾದ. ಅವನಿಗೆ ಎದುರಿಗೆ ಇರುವವಳು ದೇವಿ ಅಂತ ತಿಳಿಯುವುದಾದರೂ ಹೇಗೆ? ಚಿತ್ರ ನಮಗೇ ಅದನ್ನು ಹೇಳುತ್ತಿಲ್ಲ. ಇಲ್ಲೇ ನೋಡಿ, ಕಥೆ ಗೊತ್ತಾಗುವ ತನಕ ನಮಗೂ ಅವಳು ‘ಒಬ್ಬ ಹೆಂಗಸು’.

ಗೋಳಿಮರ_ಉಡುಪಿ
ಇದು ಚೆನ್ನಾಗಿದೆ. ಪುರಾಣದಲ್ಲಿ ದೇವರು ವೇಷ ಹಾಕಿ ಬಂದಾಗ ಕೇಳುಗರಿಗೆ ಮಾತ್ರ ಗುಟ್ಟು ಗೊತ್ತಿರುತ್ತದೆ. ಇಲ್ಲಿ ಚಿತ್ರಕಾರ ನೋಡುಗರನ್ನೂ ಹೊರಗೆ ನಿಲ್ಲಿಸಿದ್ದಾನೆ.

ಹಳೇಹೊತ್ತಿಗೆ
ಪೂರ್ತಿ ಒಪ್ಪಲಾರೆ. 1610ರ ಓದುಗನಿಗೆ ಪಂಜು ಸಾಕು. ಜೊತೆಗೆ ಕೆಳಗೆ ಲ್ಯಾಟಿನ್ ಇದೆ. ಈ ಅಚ್ಚನ್ನು ಗೌಟ್ ಅರ್ಪಿಸಿದ್ದು ಕಾರ್ಡಿನಲ್ ಶಿಪಿಯೊನೆ ಬೊರ್ಗೆಸೆಗೆ, ಅಂದರೆ ಆಗಿನ ಪೋಪ್ ಐದನೇ ಪಾಲ್ ಅವರ ಸೋದರಳಿಯನಿಗೆ. ರೋಮ್‌ನ ದೊಡ್ಡ ಕಲಾ ಸಂಗ್ರಹಕಾರರಲ್ಲಿ ಒಬ್ಬ. ಕಾರವಾಜ್ಜೊ, ಬರ್ನಿನಿ ಕೆಲಸಗಳನ್ನು ಕೂಡಿಹಾಕಿದವನು. ಅಂಥವನಿಗೆ ‘ಇವಳು ಯಾರು’ ಅನ್ನುವ ಪ್ರಶ್ನೆ ಏಳುವುದಿಲ್ಲ. ಅವನು ನೋಡುವುದು ಕೈಚಳಕವನ್ನು. ಇಷ್ಟು ಬೆಳಕುಗಳನ್ನು ಒಂದೇ ಹಾಳೆಯಲ್ಲಿ ಹಿಡಿದಿದ್ದಾನೆ ನೋಡಿ ಅನ್ನುವುದೇ ಕಾಣಿಕೆ.

ತಾಮ್ರತಗಡು
ಕಾರ್ಡಿನಲ್‌ಗೆ ಕೊಟ್ಟದ್ದು ಗೌಟ್. ಆದರೆ ಕ್ಷಣ ಆರಿಸಿದ್ದು ಎಲ್ಸ್‌ಹೈಮರ್. ಇಬ್ಬರ ಉದ್ದೇಶ ಒಂದೇ ಇರಬೇಕಿಲ್ಲ. ಗೌಟ್‌ಗೆ ಮೆರೆಯುವ ಆಸೆ ಇತ್ತು, ಅದನ್ನು ಆ ಅಕ್ಷರಗಳಲ್ಲೇ ನೋಡಬಹುದು. ಬಳ್ಳಿ ಸುತ್ತಿದ ಹಾಗೆ ಬರೆದಿದ್ದಾನೆ. ಅದನ್ನು ತಗಡಿನ ಮೇಲೆ ತಿರುಗುಮುರುಗಾಗಿ ಕೊರೆದಿರುವುದು ಅಂತ ನೆನಪಿರಲಿ. ಅಚ್ಚಿನಲ್ಲಿ ಬಲ ಎಡ ಬದಲಾಗುತ್ತದೆ. ಸರಿಯಾಗಿ ಓದಲು ಬರಬೇಕಾದರೆ ಕೆತ್ತುವಾಗ ಕನ್ನಡಿ ಬರಹ ಇರಬೇಕು.

ಕಡಲೆಪುರಿ
ಆ ಗೌಟ್ ಆಮೇಲೆ ಏನಾದ? ಏಳಕ್ಕೇ ಯಾಕೆ ನಿಲ್ಲಿಸಿದ?

ತಾಮ್ರತಗಡು
ಎಲ್ಸ್‌ಹೈಮರ್ ತೀರಿಕೊಂಡ ಮೇಲೆ ಊರಿಗೆ ವಾಪಸ್ ಹೋಗಿ ಉಟ್ರೆಕ್ಟ್‌ನಲ್ಲಿ ಇದ್ದ. 1612, 1613ರಲ್ಲಿ ಇನ್ನಷ್ಟು ಕೆತ್ತಿದ. ಆಮೇಲೆ ಬುದ್ಧಿ ಕೆಟ್ಟಿತು. ಜೊಆಕಿಮ್ ಫಾನ್ ಸಾಂಡ್ರಾರ್ಟ್ ಅನ್ನುವ ಚಿತ್ರಕಾರ ತನ್ನ ಪುಸ್ತಕದಲ್ಲಿ ಹೇಳುವ ಪ್ರಕಾರ, ಒಬ್ಬ ಹೆಂಗಸು ಅವನನ್ನು ವಶ ಮಾಡಿಕೊಳ್ಳಲು ಮದ್ದು ಹಾಕಿದಳಂತೆ. ಸಾಂಡ್ರಾರ್ಟ್ ಕಥೆ ಹೇಳುವುದರಲ್ಲಿ ಗಟ್ಟಿಗ, ಅದನ್ನು ಅಷ್ಟಕ್ಕೇ ತೆಗೆದುಕೊಳ್ಳಿ. ಗೌಟ್ ಸತ್ತಿದ್ದು 1648ರಲ್ಲಿ.

ಎಲ್ಸ್‌ಹೈಮರ್ ಕೊನೆಯೂ ಚೆನ್ನಾಗಿರಲಿಲ್ಲ. ಸಾಲ, ಸಾಲಕ್ಕಾಗಿ ಜೈಲು ಅಂತ ಹೇಳುತ್ತಾರೆ. ಸತ್ತ ಸುದ್ದಿ ಕೇಳಿ ರೂಬೆನ್ಸ್ 1611ರ ಜನವರಿಯಲ್ಲಿ ಆಂಟ್ವರ್ಪ್‌ನಿಂದ ಫೇಬರ್‌ಗೆ ಪತ್ರ ಬರೆದ. ಅಂಥವನು ಇನ್ನೊಬ್ಬನಿಲ್ಲ ಅಂತ ದುಃಖಪಟ್ಟಿದ್ದಾನೆ. ಕೆಲಸದಲ್ಲಿ ಸೋಮಾರಿ ಆಗಿದ್ದ ಅಂತ ಬೇಸರವನ್ನೂ ಮಾಡಿಕೊಂಡಿದ್ದಾನೆ.

ಧಾರವಾಡ_ಪೇಢಾ
ಹುಡುಗನ ಪರ ವಾದ ಕೇಳಿದೆವು. ದೇವಿಯ ಪರವಾಗಿ ನಾನು ನಿಲ್ಲುತ್ತೇನೆ ನೋಡ್ರಿ. ಮಗಳು ಕಾಣೆಯಾಗಿದ್ದಾಳೆ. ಎಲ್ಲೂ ಸುಳಿವಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ‘ಎಷ್ಟು ಕುಡೀತಿ’ ಅಂದರೆ ಯಾವ ತಾಯಿ ಸುಮ್ಮನೆ ಇದ್ದಾಳು? ಓವಿಡ್‌ನಲ್ಲಿ ಮುಂದೆ ಏನಾಗುತ್ತದೆ ಅದನ್ನೂ ಓದಿರಿ. ಮಗಳ ನಡುಪಟ್ಟಿ ನೀರಿನಲ್ಲಿ ತೇಲುವುದು ಕಾಣುತ್ತದೆ. ಆಗ ಅವಳು ಸಿಸಿಲಿಯ ನೇಗಿಲುಗಳನ್ನು ಮುರಿಯುತ್ತಾಳೆ, ರೈತರನ್ನೂ ಎತ್ತುಗಳನ್ನೂ ಸಾಯಿಸುತ್ತಾಳೆ, ಬೀಜ ಮೊಳೆಯದ ಹಾಗೆ ಮಾಡುತ್ತಾಳೆ. ಬೆಳೆ ಕೊಡುವ ದೇವತೆಯೇ ಬರ ತರುತ್ತಾಳೆ. ಹುಡುಗನ ಮೇಲೆ ಎರಚಿದ್ದು ಆ ಸಿಟ್ಟಿನ ಮೊದಲ ಹನಿ. ಇದನ್ನು ಶಿಸ್ತಿನ ಪಾಠ ಅಂತ ಓದಿದರೆ ಕಥೆಯ ಅರ್ಧ ಬಿಟ್ಟ ಹಾಗೆ. ದುಃಖ ಎಲ್ಲಿ ಬೇಕಾದರೂ ಒಡೆಯುತ್ತದೆ. ಅಡ್ಡ ಸಿಕ್ಕವನು ಈ ಹುಡುಗ.

ಗೋಳಿಮರ_ಉಡುಪಿ
ಹೌದು. ಹಾಗೆ ನೋಡಿದರೆ ಪಂಜು ಮತ್ತು ಮೇಣದಬತ್ತಿ ಎರಡು ಬೇರೆ ಬೆಳಕು. ಒಂದು ಜ್ವಾಲಾಮುಖಿಯದ್ದು, ಇನ್ನೊಂದು ಅಡುಗೆಮನೆಯದ್ದು. ದೇವಿ ತನ್ನ ಬೆಂಕಿಯನ್ನು ಪಕ್ಕಕ್ಕೆ ಇಟ್ಟು ಮುದುಕಿಯ ಬೆಳಕಿನಲ್ಲಿ ಕುಡಿಯುತ್ತಿದ್ದಾಳೆ. ದೂರದ ಬೆಂಕಿ ಯಾರದ್ದೋ, ಅವರಿಗೆ ಇದ್ಯಾವುದೂ ಗೊತ್ತಿಲ್ಲ.

ಸಾಗರದ_ಮಳೆ
ನನಗೆ ಈಗ ಮುದುಕಿಯದ್ದೇ ಚಿಂತೆ. ಅವಳು ಆ ಹುಡುಗನ ಅಜ್ಜಿಯಾ?

ಹಳೇಹೊತ್ತಿಗೆ
ಓವಿಡ್ ಹೇಳುವುದಿಲ್ಲ. ಆಂಟೊನೈನಸ್ ಲಿಬರಾಲಿಸ್ ಅನ್ನುವ ಗ್ರೀಕ್ ಲೇಖಕ ಇದೇ ಕಥೆ ಬೇರೆ ಥರ ಹೇಳುತ್ತಾನೆ. ಅಲ್ಲಿ ಪಾನೀಯ ಕೊಟ್ಟವಳು ಮಿಸ್ಮೆ, ಹುಡುಗ ಅವಳ ಮಗ. ಓವಿಡ್‌ನಲ್ಲಿ ಇಷ್ಟೇ ಇದೆ: ಮುದುಕಿ ಬೆರಗಾಗುತ್ತಾಳೆ, ಅಳುತ್ತಾಳೆ, ಮುಟ್ಟಲು ಕೈ ಚಾಚುತ್ತಾಳೆ. ಹಲ್ಲಿ ತಪ್ಪಿಸಿಕೊಂಡು ಸಂದಿ ಸೇರುತ್ತದೆ. ಬೇರೆಯವರ ಹುಡುಗನಿಗಾಗಿ ಹಾಗೆ ಅಳುವುದು ಕಷ್ಟ.

ಧಾರವಾಡ_ಪೇಢಾ
ಅಂದರೆ ಮನೆ ಬಾಗಿಲಿಗೆ ಬಂದವಳಿಗೆ ನೀರು ಕೇಳಿದರೆ ಪಾನಕ ಕೊಟ್ಟಳು, ಬೆಳಕು ಹಿಡಿದಳು. ಸಿಕ್ಕಿದ್ದು ಇದು. ಚಲೋ ನ್ಯಾಯ!

ತಾಮ್ರತಗಡು
ಇದನ್ನೇ ಹೇಳಬೇಕು ಅಂತಿದ್ದೆ. ಇದರ ಪಕ್ಕದಲ್ಲಿ ಗೌಟ್‌ನ 1612ರ ಕೆತ್ತನೆ ಇಟ್ಟು ನೋಡಿ. ಅದೂ ಎಲ್ಸ್‌ಹೈಮರ್ ಚಿತ್ರವೇ, ಮೂಲ ಡ್ರೆಸ್ಡನ್‌ನಲ್ಲಿದೆ. ಓವಿಡ್‌ನ ಎಂಟನೇ ಪುಸ್ತಕದ ಕಥೆ. ಜುಪಿಟರ್ ಮತ್ತು ಮರ್ಕ್ಯುರಿ ಅನ್ನುವ ದೇವರುಗಳು ದಾರಿಹೋಕರ ವೇಷದಲ್ಲಿ ಬರುತ್ತಾರೆ, ಊರಿನವರೆಲ್ಲ ಬಾಗಿಲು ಹಾಕಿಕೊಳ್ಳುತ್ತಾರೆ. ಫಿಲೆಮೊನ್ ಮತ್ತು ಬೌಕಿಸ್ ಅನ್ನುವ ಮುದುಕ ಮುದುಕಿ ಮಾತ್ರ ಒಳಗೆ ಕರೆದು ಇದ್ದದ್ದನ್ನು ಬಡಿಸುತ್ತಾರೆ. ಇದ್ದೊಂದು ಹೆಬ್ಬಾತನ್ನೂ ಕೊಯ್ಯಲು ಹೊರಡುತ್ತಾರೆ. ಊರು ಮುಳುಗುತ್ತದೆ, ಅವರ ಗುಡಿಸಲು ಗುಡಿಯಾಗುತ್ತದೆ, ಕೊನೆಗೆ ಇಬ್ಬರೂ ಅಕ್ಕಪಕ್ಕದ ಮರಗಳಾಗುತ್ತಾರೆ. ಅದೂ ರಾತ್ರಿ, ಅದೂ ದೀಪ, ಅದೂ ಬಡವರ ಮನೆ.

ಒಂದೇ ಥರದ ಗುಡಿಸಲು, ಒಂದೇ ಥರದ ಆತಿಥ್ಯ. ಒಬ್ಬ ಮುದುಕಿಗೆ ಗುಡಿ, ಇನ್ನೊಬ್ಬಳಿಗೆ ಕಣ್ಣೀರು. ಎಲ್ಸ್‌ಹೈಮರ್ ಇವೆರಡನ್ನೂ ಜೋಡಿ ಅಂತ ಬರೆದ ಅಂತ ನಾನು ಹೇಳುತ್ತಿಲ್ಲ. ಆದರೆ ಅಚ್ಚಿನ ಲಾಭವೇ ಅದು. ಆಂಸ್ಟರ್‌ಡ್ಯಾಮ್‌ನಲ್ಲಿ ಕೂತವನು ಎರಡನ್ನೂ ಕೊಂಡು ಮೇಜಿನ ಮೇಲೆ ಒಟ್ಟಿಗೆ ಹರಡಬಹುದಿತ್ತು.

ಕಡಲೆಪುರಿ
ಹಾಗಾದರೆ ನನ್ನ ನೀತಿಕಥೆಗೆ ಜಾಗ ಇಲ್ಲವಾ?

ಹಳೇಹೊತ್ತಿಗೆ
ಇದೆ, ಯಾಕಿಲ್ಲ. ಆ ಕಾಲದಲ್ಲಿ ಓವಿಡ್ ಓದಿಸುತ್ತಿದ್ದವರು ಪ್ರತಿ ಕಥೆಗೂ ಒಂದು ನೀತಿ ಕಟ್ಟುತ್ತಿದ್ದರು. ಹುಡುಗನ ಉದ್ಧಟತನಕ್ಕೆ ಶಿಕ್ಷೆ ಅನ್ನುವುದು ಆಗ ಎಲ್ಲರೂ ಒಪ್ಪುವ ಓದು. ನಾವಿಲ್ಲಿ ಜಗಳ ಆಡುತ್ತಿರುವುದು ಚಿತ್ರ ಅಲ್ಲಿಗೇ ನಿಲ್ಲುತ್ತದಾ ಅನ್ನುವುದರ ಬಗ್ಗೆ.

ಬೀದಿನಾಟಕ
ನನಗೆ ನಾಟಕದವನ ಕಣ್ಣು, ಕ್ಷಮಿಸಿ. ಮೂವರ ನೋಟ ಗಮನಿಸಿ. ಹುಡುಗ ಮತ್ತು ಮುದುಕಿ ಇಬ್ಬರಿಗೂ ಕಾಣುತ್ತಿರುವುದು ಕುಡಿಯುವವಳು ಮಾತ್ರ. ಅವಳ ಕಣ್ಣಿಗೆ ಹೂಜಿ ಅಡ್ಡ. ರಂಗದ ಮೇಲೆ ಇದಕ್ಕಿಂತ ಬಿಗಿಯಾದ ಗಳಿಗೆ ಸಿಗುವುದಿಲ್ಲ. ಅವಳು ಹೂಜಿ ಇಳಿಸಿದ ಕೂಡಲೇ ಎಲ್ಲ ಮುಗಿಯುತ್ತದೆ. ನಿರ್ದೇಶಕ ಬುದ್ಧಿವಂತ ಆದರೆ ಅಲ್ಲೇ ದೀಪ ಆರಿಸುತ್ತಾನೆ.

ಗೋಳಿಮರ_ಉಡುಪಿ
ಹುಡುಗ ಬೆತ್ತಲೆ ಇರುವುದಕ್ಕೆ ಏನಾದರೂ ಅರ್ಥ ಇದೆಯಾ? ಪ್ರೇಮದ ದೇವರು ಕ್ಯುಪಿಡ್ ಅಂತ ಯಾರಾದರೂ ತಿಳಿಯುವ ಅಪಾಯ ಇದೆ.

ತಾಮ್ರತಗಡು
ರೆಕ್ಕೆ ಇಲ್ಲ, ಬಿಲ್ಲು ಇಲ್ಲ, ಕ್ಯುಪಿಡ್ ಅಲ್ಲ. ಓವಿಡ್ ಬಟ್ಟೆಯ ವಿಷಯ ಎತ್ತಿಲ್ಲ. ಒಬ್ಬ ಕೆತ್ತುವವಳಾಗಿ ಹೇಳುವುದಾದರೆ, ಬೆತ್ತಲೆ ಮೈ ಮೇಲೆ ಮೇಣದಬತ್ತಿ ಬೆಳಕು ಜಾರುವುದನ್ನು ತೋರಿಸಲು ಯಾವ ಕಲಾವಿದನಿಗೆ ಆಸೆ ಇರುವುದಿಲ್ಲ? ಜೊತೆಗೆ ಆ ಮೈ ಇನ್ನು ಸ್ವಲ್ಪ ಹೊತ್ತಿನಲ್ಲಿ ಚುಕ್ಕೆ ಚುಕ್ಕೆ ಆಗಬೇಕಾದದ್ದು. ಈಗ ಅದು ನುಣ್ಣಗೆ ಇದೆ. ಅದನ್ನು ನೋಡುಗರು ಗಮನಿಸಲಿ ಅಂತ ಬಯಸಿರಬಹುದು.

ಕಡಲೆಪುರಿ
ಇನ್ನು ಮೇಲೆ ಗೋಡೆ ಮೇಲೆ ಹಲ್ಲಿ ಲೊಚಗುಟ್ಟಿದರೆ ಕೃಷ್ಣ ಕೃಷ್ಣ ಅನ್ನಬೇಕೋ, ಪಾಪ ಅನ್ನಬೇಕೋ ಗೊತ್ತಾಗುತ್ತಿಲ್ಲ 😄

ಸಾಗರದ_ಮಳೆ
ಭೂತಗನ್ನಡಿ ಹಿಡಿದು ನೋಡಿದೆ. ಚುಕ್ಕೆ ಇಲ್ಲ, ಗೆರೆಗಳೇ. ಅಂಚಿನ ತಗ್ಗು ಮೂರು ಕಡೆ ಇದೆ, ಒಂದು ಕಡೆ ಹಾಳೆ ಕತ್ತರಿಸಿದ್ದಾರೆ. ಬೆಳಕಿಗೆ ಹಿಡಿದರೆ ಜಾಲರಿ ಗುರುತು ಕಾಣುತ್ತಿಲ್ಲ, ಕಾಗದ ಒಂದೇ ಸಮ ಇದೆ.

ತಾಮ್ರತಗಡು
ಒಂದೇ ಸಮ ಇರುವ ಕಾಗದ ಅಂದರೆ 1610ರ ಅಚ್ಚು ಆಗಿರುವ ಸಾಧ್ಯತೆ ಬಹಳ ಕಡಿಮೆ. ಅಂಥ ಕಾಗದ ಯುರೋಪಿನಲ್ಲಿ ಬಳಕೆಗೆ ಬಂದಿದ್ದು ಹದಿನೆಂಟನೇ ಶತಮಾನದ ನಡುವೆ. ಹಳೇ ತಗಡಿನಿಂದ ತಡವಾಗಿ ಒತ್ತಿದ್ದು, ಇಲ್ಲವೇ ನಾನು ಹೇಳಿದ ಥರದ ನಕಲು. ಎರಡರಲ್ಲಿ ಯಾವುದು ಅಂತ ಕತ್ತಲಿನ ಭಾಗ ನೋಡಿದರೆ ಗೊತ್ತಾಗುತ್ತದೆ. ಸವೆದ ತಗಡಾದರೆ ಕಪ್ಪು ಸೊರಗಿ ಬೂದಿಯಾಗಿರುತ್ತದೆ. ಗಿಡಮರಗಳ ಜಾಗದ ಫೋಟೊ ಹತ್ತಿರದಿಂದ ತೆಗೆದು ಹಾಕಿ. ಬೆಳಕು ಪಕ್ಕದಿಂದ ಬೀಳಲಿ, ಫ್ಲಾಶ್ ಬೇಡ. ಮತ್ತೆ, ದಯವಿಟ್ಟು ಸೆಲೊಟೇಪ್ ಹಚ್ಚಿ ಚೌಕಟ್ಟು ಹಾಕಿಸಬೇಡಿ.